ಗೋಡೆ ಬುಡದ ಸಂದು: ಸಿಮೆಂಟ್ ಮೆತ್ತುವ ಮೊದಲು

ಮನೆ-ಅಂಗಳ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಂಗಳಕ್ಕೆ ಇಂಟರ್‌ಲಾಕ್ ಪೇವರ್ ಹಾಸಿದ ಮೇಲೆ ಗೋಡೆಗೂ ಪೇವರ್‌ಗೂ ನಡುವೆ ಬಾಯಿ ಬಿಡುವ ಸಂದಿನ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮೇಸ್ತ್ರಿಗಳಿಗೆ ಹೇಳಲು ಅನುಕೂಲವಾಗಲೆಂದು ಕೆಲಸದ ಅಳತೆಗಳನ್ನು ಅಡಿ-ಇಂಚಿನಲ್ಲೂ, ಅಂಗಡಿಯಲ್ಲಿ ಕೇಳುವ ಸಾಮಾನಿನ ಅಳತೆಯನ್ನು ಮಿಲಿಮೀಟರಿನಲ್ಲೂ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಎರೆಮಣ್ಣಿನ ಸೈಟು. ಮನೆಯ ಪಕ್ಕಕ್ಕೆ 30 ಅಡಿ ಉದ್ದ ಪೇವರ್ ಹಾಸಿಸಿದ್ದೇವೆ. ಗೋಡೆ ಪಕ್ಕದಲ್ಲಿ ಮುಕ್ಕಾಲು ಇಂಚಿನಷ್ಟು ಸಂದು ಬಿದ್ದಿದೆ. ಎರಡು ಸಲ ಸಿಮೆಂಟ್ ಗಾರೆ ತುಂಬಿಸಿದೆವು. ಪ್ರತಿ ಬೇಸಿಗೆಗೂ ಗಾರೆ ಗೋಡೆಯಿಂದ ಬಿಟ್ಟುಕೊಂಡು ಮತ್ತೆ ಸೀಳು ಕಾಣುತ್ತದೆ. ಮೇಸ್ತ್ರಿ ಈ ಸಲ ಗಾರೆಗೆ ಸಿಮೆಂಟ್ ಜಾಸ್ತಿ ಹಾಕೋಣ ಅನ್ನುತ್ತಾರೆ. ಮಾಡಿಸಬಹುದೇ?
– ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಬೇಡ. ಸಿಮೆಂಟ್ ಜಾಸ್ತಿಯಾದಷ್ಟೂ ಗಾರೆ ಒಣಗುವಾಗ ಹೆಚ್ಚು ಕುಗ್ಗುತ್ತದೆ, ಇನ್ನೂ ಬೇಗ ಬಿಡುತ್ತದೆ. ತೊಂದರೆ ಇರುವುದು ಗಾರೆಯ ಬಲದಲ್ಲಲ್ಲ. ನಿಮ್ಮ ಗೋಡೆ ಐದಾರು ಅಡಿ ಆಳದ ಪಾಯದ ಮೇಲೆ ನಿಂತಿದೆ. ಪೇವರ್ ನಿಂತಿರುವುದು ಮೇಲ್ಮಣ್ಣಿನ ಮೇಲೆ ಹರಡಿದ ಕೆಲವೇ ಇಂಚು ಜಲ್ಲಿ-ಮರಳಿನ ಮೇಲೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದು ಮೇಲಿನ ಪದರದಲ್ಲೇ ಜಾಸ್ತಿ. ಹಾಗಾಗಿ ಗೋಡೆ ನಿಂತಲ್ಲೇ ನಿಂತಿರುತ್ತದೆ, ಪೇವರ್ ಮಾತ್ರ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಒಂದು ನಿಂತು ಇನ್ನೊಂದು ಅಲ್ಲಾಡುವ ಎರಡು ವಸ್ತುಗಳ ನಡುವೆ ಹಿಗ್ಗಲಾರದ ಗಾರೆ ಇಟ್ಟರೆ ಅದು ಒಂದು ಕಡೆಯಿಂದ ಬಿಡಲೇಬೇಕು. ಬಿಟ್ಟ ಸೀಳು ಕೂದಲೆಳೆಯಷ್ಟೇ ಇದ್ದರೂ ನೀರು ಒಳಗಿಳಿಯುತ್ತದೆ. ಮೇಲೆ ಗಾರೆ ಮುಚ್ಚಿಕೊಂಡಿರುವುದರಿಂದ ಇಳಿದ ನೀರು ಬಿಸಿಲಿಗೆ ಆರುವುದಿಲ್ಲ. ತೆರೆದ ಸಂದಿಗಿಂತ ಇದು ಪಾಯಕ್ಕೆ ಕೆಟ್ಟದ್ದು.

ತುಂಬುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಮೊದಲನೆಯದು ಪೇವರಿನ ಹೊರಗಿನ ಅಂಚು. ಅಲ್ಲಿ ಕಾಂಕ್ರೀಟಿನ ಕಟ್ಟು ಇಲ್ಲದಿದ್ದರೆ ಪೇವರ್‌ಗಳು ವರ್ಷ ವರ್ಷ ಹೊರಕ್ಕೆ ಸರಿಯುತ್ತವೆ, ಗೋಡೆ ಪಕ್ಕದ ಸಂದು ಬೆಳೆಯುತ್ತಲೇ ಇರುತ್ತದೆ. 4 ಇಂಚು ಅಗಲ, 8 ಇಂಚು ಆಳದ ಕಾಂಕ್ರೀಟ್ ಅಂಚುಕಟ್ಟು ಹಾಕಿಸದೆ ಸಂದಿಗೆ ದುಡ್ಡು ಹಾಕಬೇಡಿ. ಎರಡನೆಯದು ಇಳಿಜಾರು. ಗೋಡೆಯ ಬುಡಕ್ಕೆ ಒಂದು ಕೊಡ ನೀರು ಸುರಿದು ನೋಡಿ. ನೀರು ಗೋಡೆ ಬಿಟ್ಟು ಆಚೆ ಹರಿದರೆ ಸರಿ. ಅಲ್ಲೇ ನಿಂತರೆ, ಅಥವಾ ಗೋಡೆ ಕಡೆಗೇ ಬಂದರೆ, ಕೆಳಗೆ ಚಿತ್ರದುರ್ಗದ ಓದುಗರಿಗೆ ಕೊಟ್ಟ ಉತ್ತರ ನಿಮಗೂ ಅನ್ವಯಿಸುತ್ತದೆ.

ಇವೆರಡೂ ಸರಿ ಇದ್ದರೆ ಈ ಸಂದಿಗೆ ಬೇಕಾದ್ದು ರಬ್ಬರಿನಂತೆ ಎಳೆದಾಡಿಸಿಕೊಳ್ಳುವ ಪಿ.ಯು. (ಪಾಲಿಯುರೆಥೇನ್) ಸೀಲೆಂಟ್, ಅಂದರೆ ಸಂದು ಮುಚ್ಚುವ ಅಂಟು. 600 ಮಿ.ಲೀ. ಸಾಸೇಜ್ ಪ್ಯಾಕಿನಲ್ಲಿ, ಅಂದರೆ ಉದ್ದನೆಯ ಮೆತ್ತನೆ ಪೊಟ್ಟಣದಲ್ಲಿ, ಬರುತ್ತದೆ, ಅದಕ್ಕೆ ಬೇರೆಯೇ ಗನ್ ಬೇಕು. ಪೊಟ್ಟಣದ ಮೇಲೆ ಶೇ 25 ಚಲನೆ ತಾಳಿಕೊಳ್ಳುತ್ತದೆ (ಸಂದು ತನ್ನ ಅಗಲದ ಕಾಲು ಭಾಗ ಹಿಗ್ಗಿದರೂ ಕುಗ್ಗಿದರೂ ಹರಿಯದು) ಎಂದು ಬರೆದಿರುವುದನ್ನೇ ಕೇಳಿ. ಜೊತೆಗೆ ಬ್ಯಾಕರ್ ರಾಡ್ ಎಂಬ ಬಿಳಿ ಫೋಮ್ ಹಗ್ಗ ತನ್ನಿ. ಹಗ್ಗ ಸಂದಿಗಿಂತ ಕಾಲು ಭಾಗ ದಪ್ಪವಿರಬೇಕು: ನಿಮ್ಮ 20 ಮಿ.ಮೀ. ಸಂದಿಗೆ 25 ಮಿ.ಮೀ. ಹಗ್ಗ. ಹಿಂಡಿದರೆ ನೀರು ಹೀರದ, ಮುಚ್ಚಿದ ರಂಧ್ರಗಳ ಫೋಮ್ ಆಗಿರಲಿ.

ಹಳೇ ಗಾರೆಯನ್ನು ಉಳಿಯಿಂದ ಎರಡು ಇಂಚು ಆಳದವರೆಗೆ ತೆಗೆಸಿ. ಏಟು ಸಂದಿನ ಉದ್ದಕ್ಕೆ ಬೀಳಬೇಕೇ ಹೊರತು ಗೋಡೆ ಕಡೆಗಲ್ಲ. ಈಗ ಸುತ್ತಿಗೆಯ ಹಿಡಿಯಿಂದ ಗೋಡೆಯ ಬುಡವನ್ನು ಉದ್ದಕ್ಕೂ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಪ್ಲಾಸ್ಟರ್ ಇಟ್ಟಿಗೆಯಿಂದ ಬಿಟ್ಟಿದೆ ಎಂದರ್ಥ. ಅದನ್ನು ಕಿತ್ತು ಹೊಸದಾಗಿ ಮಾಡಿ, ಒಣಗಲು ಬಿಟ್ಟ ಮೇಲೆಯೇ ಮುಂದಿನ ಕೆಲಸ. ಗಟ್ಟಿ ಇದ್ದ ಕಡೆಯೂ ಸೀಲೆಂಟ್ ತಾಗುವ ಒಂದೂವರೆ ಇಂಚು ಪಟ್ಟಿಯಲ್ಲಿ ಬಣ್ಣವನ್ನು ಪೂರ್ತಿ ಕೆರೆಯಬೇಕು. ಬಣ್ಣದ ಮೇಲೆ ಹಚ್ಚಿದ ಸೀಲೆಂಟ್ ಬಣ್ಣಕ್ಕೆ ಅಂಟಿರುತ್ತದೆ, ಗೋಡೆಗಲ್ಲ. ಮೊದಲ ಬೇಸಿಗೆಗೇ ಬಣ್ಣದ ಸಿಪ್ಪೆಯ ಸಮೇತ ಎದ್ದು ಬರುತ್ತದೆ.

ತಂತಿ ಬ್ರಷ್‌ನಿಂದ ಎರಡೂ ಬದಿ ಉಜ್ಜಿ, ಬ್ಲೋವರ್‌ನಿಂದ ದೂಳು ಹಾರಿಸಿ. ತೊಳೆದರೆ ಮೂರು ದಿನ ಬಿಸಿಲಿಗೆ ಒಣಗಬೇಕು. ತಳಕ್ಕೆ ಒಣ ಎಂ-ಸ್ಯಾಂಡ್ ಸುರಿದು ಕೋಲಿನಿಂದ ಗಿಡಿದು, ಮೇಲೆ ಒಂದೂವರೆ ಇಂಚು ಖಾಲಿ ಬಿಡಿ. ಫೋಮ್ ಹಗ್ಗವನ್ನು ಮೊಂಡು ಕಡ್ಡಿಯಿಂದ ಒತ್ತಿ, ಅದರ ತಲೆ ಪೇವರ್ ಮಟ್ಟಕ್ಕಿಂತ 15 ಮಿ.ಮೀ. ಕೆಳಗೆ ಕೂರುವಂತೆ ಮಾಡಿ. ಸ್ಕ್ರೂಡ್ರೈವರ್ ಬಳಸಬೇಡಿ. ಹಗ್ಗ ತೂತಾದರೆ ಒಳಗಿನ ಗಾಳಿ ಹೊರಬಂದು ಸೀಲೆಂಟ್‌ನಲ್ಲಿ ಗುಳ್ಳೆ ಏಳುತ್ತದೆ. ಹಗ್ಗದ ಖರ್ಚು ಉಳಿಸಲು ಹೋಗಿ ನೇರ ಮರಳಿನ ಮೇಲೆ ಸೀಲೆಂಟ್ ಹಾಕುವವರಿದ್ದಾರೆ. ಆಗ ಅದು ಎರಡು ಬದಿಗೂ ತಳಕ್ಕೂ ಅಂಟಿ, ಹಿಗ್ಗಲು ಜಾಗವಿಲ್ಲದೆ ನಡುವೆ ಹರಿಯುತ್ತದೆ. ಎರಡೇ ಬದಿಗೆ ಅಂಟಬೇಕು, ತಳಕ್ಕೆ ಅಂಟಬಾರದು. ಹಗ್ಗದ ಮುಖ್ಯ ಕೆಲಸವೇ ಇದು.

ಎರಡೂ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಕಂಪನಿಯದೇ ಪ್ರೈಮರ್ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಸೀಲೆಂಟ್ ತುಂಬಿ. ದಪ್ಪ ಅಗಲದ ಅರ್ಧವಿರಲಿ, ನಿಮಗೆ 10 ಮಿ.ಮೀ. ಹೆಚ್ಚು ಹಾಕಿದರೆ ಹೆಚ್ಚು ಬಾಳುತ್ತದೆ ಎಂಬುದು ತಪ್ಪು, ದಪ್ಪ ಪಟ್ಟಿ ಎಳೆತಕ್ಕೆ ಬಗ್ಗದೆ ಅಂಚಿನಲ್ಲಿ ಕಿತ್ತುಕೊಳ್ಳುತ್ತದೆ. ಪಟ್ಟಿಯ ಮೇಲ್ಮೈ ಪೇವರಿಗಿಂತ 5 ಮಿ.ಮೀ. ಕೆಳಗಿರಲಿ. ಪೇವರಿನ ಮೇಲಂಚು ಓರೆಯಾಗಿ ಕತ್ತರಿಸಿರುತ್ತದಲ್ಲ, ಆ ಓರೆಯ ಕೆಳಗಿನ ನೇರ ಮುಖಕ್ಕೆ ಅಂಟಿದರೆ ಮಾತ್ರ ನಿಲ್ಲುತ್ತದೆ. ಪೊರಕೆಯೂ ಕಾಲೂ ತಾಗುವುದಿಲ್ಲ. ಸೋಪಿನ ನೀರಿನಲ್ಲಿ ಅದ್ದಿದ ಸ್ಪ್ಯಾಚುಲಾದಿಂದ ಒಮ್ಮೆ ಒತ್ತಿ ಎಳೆದು, ಕೆನೆ ಕಟ್ಟುವ ಮೊದಲೇ ಟೇಪ್ ಕಿತ್ತುಬಿಡಿ. ಒಂದು ದಿನ ಓಡಾಟ ಬೇಡ, ಒಂದು ವಾರ ನೀರು ಹಾಕಿ ಉಜ್ಜುವುದು ಬೇಡ.

ಲೆಕ್ಕ ಹೀಗೆ: 20 ಮಿ.ಮೀ. ಅಗಲ, 10 ಮಿ.ಮೀ. ದಪ್ಪಕ್ಕೆ ಮೀಟರಿಗೆ 200 ಮಿ.ಲೀ. ಬೇಕು. ಒಂದು ಸಾಸೇಜ್ 3 ಮೀಟರ್, ಅಂದರೆ 10 ಅಡಿಗೆ ತುಸು ಕಡಿಮೆ ಬರುತ್ತದೆ. ನಿಮ್ಮ 30 ಅಡಿಗೆ ಮೂರು ಸಾಲದು, ನಾಲ್ಕು ತನ್ನಿ. ಮೊದಲು ನಾಲ್ಕು ಇಂಚು ಮಾತ್ರ ಹಾಕಿ, ವಾರ ಬಿಟ್ಟು ತುದಿ ಹಿಡಿದು ಎಳೆದು ನೋಡಿ. ಹಿಗ್ಗಿ ಹಿಂದಕ್ಕೆ ಹೋದರೆ ಪೂರ್ತಿ ಹಾಕಿ. ಗೋಡೆಯಿಂದ ಸಲೀಸಾಗಿ ಸುಲಿದು ಬಂದರೆ ಮೇಲ್ಮೈ ಇನ್ನೂ ಸರಿಯಾಗಿಲ್ಲ.

ಪ್ರಶ್ನೆ: ಹಾರ್ಡ್‌ವೇರ್ ಅಂಗಡಿಯವರು ಕೊಟ್ಟ ಸಿಲಿಕೋನ್ ಟ್ಯೂಬ್ ಹಾಕಿದೆವು. ಆರು ತಿಂಗಳಿಗೆ ರಿಬ್ಬನ್ನಿನಂತೆ ಎದ್ದು ಬಂತು. ಸಿಲಿಕೋನ್ ಕೆಟ್ಟದ್ದೇ? ಟಾರು ಸುರಿಯುವುದು, ಫೋಮ್ ಸ್ಪ್ರೇ ಹೊಡೆಯುವುದು ಹೇಗೆ?
– ಓದುಗರು, ಹರಿಹರ

ಉತ್ತರ: ಹಚ್ಚುವಾಗ ವಿನಿಗರ್‌ನ ಹುಳಿ ವಾಸನೆ ಬಂದಿತ್ತೇ? ಹಾಗಿದ್ದರೆ ಅದು ಗಾಜು, ಅಲ್ಯುಮಿನಿಯಂ, ವಾಷ್‌ಬೇಸಿನ್‌ಗೆ ಮಾಡಿದ ಅಸಿಟಿಕ್ ಸಿಲಿಕೋನ್. ಒಣಗುವಾಗ ಅದರಿಂದ ಹೊರಬರುವ ಆಮ್ಲ ಸಿಮೆಂಟಿನ ಸುಣ್ಣದ ಅಂಶದೊಡನೆ ಸೇರಿ ಅಂಟಿನ ಕೆಳಗೇ ಪುಡಿ ಪದರ ಕಟ್ಟುತ್ತದೆ, ಪಟ್ಟಿ ಎದ್ದು ಬರುತ್ತದೆ. ನ್ಯೂಟ್ರಲ್ ಸಿಲಿಕೋನ್ ಸಿಮೆಂಟಿಗೆ ಆಗುತ್ತದೆ, ಬಿಸಿಲಿಗೂ ಚೆನ್ನಾಗಿ ತಡೆಯುತ್ತದೆ. ಆದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಮತ್ತೆ ಹಾಕುವ ಮೊದಲು ಹಳೆಯದರ ಜಿಡ್ಡನ್ನು ಗ್ರೈಂಡರಿನಿಂದ ಉಜ್ಜಿಯೇ ತೆಗೆಯಬೇಕು. ಹಳೇ ಸಿಲಿಕೋನ್ ಮೇಲೆ ಪಿ.ಯು. ಅಂಟುವುದಿಲ್ಲ.

ಟಾರು ಹಿಂದಿನಿಂದ ಬಂದ ಪದ್ಧತಿ, ಅಗ್ಗವೂ ಹೌದು. ಆದರೆ ನಮ್ಮ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಕಾಲಿಗೆ ಅಂಟುತ್ತದೆ, ಕೆಲ ವರ್ಷಕ್ಕೆ ಪೆಡಸಾಗಿ ಬಿರಿಯುತ್ತದೆ. ಜನ ಓಡಾಡದ ಹಿತ್ತಿಲ ಬದಿಗೆ ಸಾಕು. ಫೋಮ್ ಸ್ಪ್ರೇ ಬಾಗಿಲ ಚೌಕಟ್ಟಿನ ಹಿಂದೆ ತುಂಬುವ ವಸ್ತು. ಬಿಸಿಲಿಗೆ ತೆರೆದಿಟ್ಟರೆ ಕಂದಾಗಿ ಪುಡಿಯಾಗುತ್ತದೆ. ಎಪಾಕ್ಸಿ ಪುಟ್ಟಿಯೂ ಬಿಳಿ ಸಿಮೆಂಟೂ ಗಾರೆಯಷ್ಟೇ ಬಿರುಸು, ಪ್ರಯೋಜನವಿಲ್ಲ.

ಪ್ರಶ್ನೆ: ಮನೆ ಕಟ್ಟಿದ ವರ್ಷವೇ ಸುತ್ತಲೂ ಪೇವರ್ ಹಾಸಿಸಿದ್ದೆವು. ಈಗ ಹಿಂಭಾಗದ 40 ಅಡಿ ಉದ್ದಕ್ಕೂ ಗೋಡೆ ಪಕ್ಕದ ಮೂರು ಅಡಿ ಪಟ್ಟಿ ಎರಡು ಇಂಚು ಕುಸಿದಿದೆ. ಸಂದು ಕೆಲವು ಕಡೆ ಎರಡೂವರೆ ಇಂಚು. ಒಳಗಡೆ ಮಲಗುವ ಕೋಣೆಯ ಗೋಡೆ ಒಂದೂವರೆ ಅಡಿ ಎತ್ತರಕ್ಕೆ ತೇವ ಹಿಡಿದು ಬಣ್ಣ ಉದುರುತ್ತಿದೆ. ಸಂದು ಮುಚ್ಚಿದರೆ ತೇವ ನಿಲ್ಲುತ್ತದೆಯೇ?
– ಓದುಗರು, ಚಿತ್ರದುರ್ಗ

ಉತ್ತರ: ನಿಲ್ಲುವುದಿಲ್ಲ. ನಿಮ್ಮ ಅಂಗಳ ಈಗ ನೀರನ್ನು ಗೋಡೆಗೇ ತಂದು ಕೊಡುತ್ತಿದೆ. ಪೇವರ್‌ಗಳ ನಡುವಿನ ಸಣ್ಣ ಸಂದುಗಳಿಂದಲೂ ನೀರು ಇಳಿಯುತ್ತದಾದ್ದರಿಂದ ಗೋಡೆ ಪಕ್ಕ ಎಷ್ಟು ಮುಚ್ಚಿದರೂ ಪೂರ್ತಿ ತಡೆಯಲಾಗದು. ಆ ಪಟ್ಟಿಯನ್ನು ಎತ್ತಿ ಮತ್ತೆ ಹಾಸಬೇಕು. ಪೇವರ್‌ಗಳು ಒಡೆಯದಿದ್ದರೆ ಅವೇ ಸಾಕು, ಹೊಸದು ಕೊಳ್ಳಬೇಕಿಲ್ಲ.

ಗೋಡೆ ಪಕ್ಕವೇ ಕುಸಿಯಲು ಕಾರಣ ಪಾಯದ ಗುಂಡಿ. ಪಾಯ ಎದ್ದ ಮೇಲೆ ಅಕ್ಕಪಕ್ಕದ ಖಾಲಿ ಜಾಗಕ್ಕೆ ಅಗೆದ ಮಣ್ಣನ್ನೇ, ಇಟ್ಟಿಗೆ ಚೂರು ಸಮೇತ, ಒಂದೇ ಸಲಕ್ಕೆ ನೂಕಿ ಮುಚ್ಚುತ್ತಾರೆ. ದಮ್ಮಸು ಬೀಳದ ಆ ಮಣ್ಣು ಒಂದೆರಡು ಮಳೆಗಾಲದಲ್ಲಿ ತಾನೇ ಇಳಿಯುತ್ತದೆ. ಮನೆ ಕಟ್ಟಿದ ವರ್ಷವೇ ಪೇವರ್ ಹಾಸಿದ ಕಡೆಗಳಲ್ಲಿ ಇದು ಬಹಳ. ಪೇವರ್ ಎತ್ತಿದ ಮೇಲೆ ಹಾರೆಯನ್ನು ಕೈಯಿಂದಲೇ ಚುಚ್ಚಿ ನೋಡಿ. ಒಂದು ಅಡಿಗಿಂತ ಆಳಕ್ಕೆ ಸಲೀಸಾಗಿ ಇಳಿದರೆ ಅಲ್ಲೆಲ್ಲ ಸಡಿಲು ಮಣ್ಣಿದೆ.

ಗೋಡೆಯಿಂದ ಎರಡು ಅಡಿ ಅಗಲ, ಒಂದು ಅಡಿ ಆಳ ತೆಗೆದು ಗರಸು ತುಂಬಿ. ಆರು ಇಂಚಿಗೊಂದು ಪದರ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಮ್ಮಸು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಜಿನುಗಬಾರದು, ಅಷ್ಟು ಹದ. ಕುಸಿದ ಎರಡು ಇಂಚನ್ನೂ ಗರಸಿನಲ್ಲೇ ಎತ್ತಿ. ದಮ್ಮಸಾದ ಮೇಲೆ ಸುಮಾರು 100 ಘನ ಅಡಿ ಕೂರಬೇಕು, ಸಡಿಲು ಲೆಕ್ಕದಲ್ಲಿ 125 ಘನ ಅಡಿ ತರಿಸಿ. ಬರೀ ಮರಳು ಅಥವಾ ಜಲ್ಲಿ ತುಂಬಿಸಲು ಒಪ್ಪಬೇಡಿ. ಅದು ಪಾಯದ ಪಕ್ಕದಲ್ಲೇ ನೀರಿನ ತೊಟ್ಟಿಯಾಗುತ್ತದೆ. ಜಿಗಟು ಅಂಶವಿರುವ ಗರಸು ಬಿಗಿಯಾಗಿ ಕೂತು ನೀರನ್ನು ತಡೆಯುತ್ತದೆ.

ಇಳಿಜಾರನ್ನು ಈ ಹಂತದಲ್ಲೇ, ಗರಸಿನಲ್ಲೇ ಕೊಡಬೇಕು. ಐವತ್ತಕ್ಕೆ ಒಂದು, ಅಂದರೆ ನಿಮ್ಮ ಮೂರು ಅಡಿಗೆ ಮುಕ್ಕಾಲು ಇಂಚು ಹೊರಕ್ಕೆ ಇಳಿಯಬೇಕು. ಆಚೆಯ ಹಳೇ ಪೇವರೂ ಅದೇ ಕಡೆಗೆ ಇಳಿದಿದೆಯೇ ಎಂದು ರಸಮಟ್ಟದಿಂದ ನೋಡಿ, ಇಲ್ಲದಿದ್ದರೆ ನಡುವೆ ಹಳ್ಳವಾಗುತ್ತದೆ. ಕೆಲಸದವರು ಕೆಳಗೆ ಸಮತಟ್ಟು ಮಾಡಿ ಮೇಲೆ ಮರಳನ್ನು ಒಂದು ಕಡೆ ದಪ್ಪ, ಒಂದು ಕಡೆ ತೆಳು ಹರಡಿ ಇಳಿಜಾರು ತರುವುದುಂಟು. ದಪ್ಪ ಮರಳು ಇರುವ ಕಡೆ, ಅಂದರೆ ಗೋಡೆ ಪಕ್ಕದಲ್ಲೇ, ಮತ್ತೆ ಕುಸಿಯುತ್ತದೆ. ಮರಳು ಎಲ್ಲೆಡೆ ಒಂದೂಕಾಲು ಇಂಚೇ ಇರಲಿ. 120 ಚದರ ಅಡಿಗೆ ಸಡಿಲು ಎಂ-ಸ್ಯಾಂಡ್ 16 ಘನ ಅಡಿ. ಮಣ್ಣು ಬೆರೆತ ಹಳೇ ಮರಳು ಬಳಸಬೇಡಿ.

ಹಾಸುವಾಗ ಗೋಡೆಗೆ ತಾಗಿಸದೆ 20 ಮಿ.ಮೀ. ಬಿಡಬೇಕು. ಅಷ್ಟು ದಪ್ಪದ ಒಂದು ಪಟ್ಟಿಯನ್ನು ನಡುವೆ ಇಟ್ಟುಕೊಂಡು ಹಾಸಿದರೆ ಅಗಲ ಒಂದೇ ಸಮ ಬರುತ್ತದೆ. ಝಿಗ್‌ಝಾಗ್ ಪೇವರ್ ಆದರೆ ಗೋಡೆ ಕಡೆಯ ಸಾಲನ್ನು ಕಟರ್‌ನಿಂದ ನೇರ ಕತ್ತರಿಸಿ. ಅಂಕುಡೊಂಕು ಸಂದಿಗೆ ಯಾವ ಸೀಲೆಂಟೂ ನಿಲ್ಲದು. ಮೂರನೇ ಒಂದು ಭಾಗಕ್ಕಿಂತ ಸಣ್ಣ ಚೂರುಗಳನ್ನು ಗೋಡೆ ಪಕ್ಕ ಸಿಕ್ಕಿಸಬೇಡಿ, ಅವು ಕಾಲು ಬಿದ್ದರೆ ಅಲ್ಲಾಡುತ್ತವೆ. ಬದಲು ಕತ್ತರಿಸಿದ ಕಲ್ಲನ್ನು ಎರಡನೇ ಸಾಲಿಗೆ ಹಾಕಿ, ಗೋಡೆ ಕಡೆಗೆ ಪೂರ್ತಿ ಕಲ್ಲು ಬರಲಿ. ಪೇವರ್ ಒತ್ತಿ ಕೂರಿಸುವ ಯಂತ್ರ (ಪ್ಲೇಟ್ ಕಂಪ್ಯಾಕ್ಟರ್) ಓಡಿಸಿ, ಸಣ್ಣ ಮರಳು ಗುಡಿಸಿ ತುಂಬಿ, ಮತ್ತೊಮ್ಮೆ ಓಡಿಸಿ. ಸಂದಿಗೆ ಸದ್ಯಕ್ಕೆ ಮರಳು ಮಾತ್ರ. ಒಂದು ಮಳೆಗಾಲ ಕಳೆದು ಪಟ್ಟಿ ಕುಸಿಯದೆ ನಿಂತ ಮೇಲೆ, ಮೊದಲ ಉತ್ತರದಲ್ಲಿ ಹೇಳಿದಂತೆ ಸೀಲೆಂಟ್ ಹಾಕಿಸಿ.

ತೇವಕ್ಕೆ ಇನ್ನೊಂದು ಕಾರಣವೂ ಇರಬಹುದು, ಪೇವರ್ ಎತ್ತಿದಾಗ ನೋಡಿ. ಪಾಯದ ಮೇಲಿನ ಬೆಲ್ಟ್, ಅಂದರೆ ತೇವ ತಡೆಯುವ ಕಾಂಕ್ರೀಟ್ ಪಟ್ಟಿ, ಪೇವರಿನ ಮೇಲ್ಮಟ್ಟಕ್ಕಿಂತ ಕನಿಷ್ಠ 6 ಇಂಚು ಮೇಲಿರಬೇಕು. ಅಂಗಳ ಎತ್ತರಿಸುವ ಆಸೆಗೆ ಪೇವರನ್ನು ಬೆಲ್ಟಿನ ಮಟ್ಟಕ್ಕೆ ಅಥವಾ ಅದರ ಮೇಲಕ್ಕೆ ತಂದಿದ್ದರೆ, ನೀರು ಬೆಲ್ಟನ್ನು ದಾಟಿ ನೇರ ಇಟ್ಟಿಗೆಗೇ ಸೇರುತ್ತದೆ. ಆಗ ಅಂಗಳ ತಗ್ಗಿಸುವುದೊಂದೇ ದಾರಿ. ಒಳಗೋಡೆಯ ಉದುರುವ ಪ್ಲಾಸ್ಟರನ್ನು ತೆಗೆದು, ಇಟ್ಟಿಗೆ ಒಂದು ಬೇಸಿಗೆ ಪೂರ್ತಿ ಒಣಗಲಿ. ಹಸಿ ಗೋಡೆಗೆ ಪುಟ್ಟಿ, ಬಣ್ಣ ಬಳಿದರೆ ಮತ್ತೆ ಉದುರುತ್ತದೆ.

ಪ್ರಶ್ನೆ: ಗೋಡೆ ಪಕ್ಕದ ಒಂದು ಅಡಿ ಜಾಗಕ್ಕೆ ಪೇವರ್ ಬದಲು ಜಲ್ಲಿ ತುಂಬಿ, ತಾರಸಿ ನೀರನ್ನು ಅಲ್ಲೇ ಇಂಗಿಸಬೇಕೆಂದಿದ್ದೇವೆ. ನೋಡಲು ಚಂದ, ನೀರೂ ಉಳಿಯುತ್ತದೆ. ಸರಿಯೇ?
– ಓದುಗರು, ಹಿರಿಯೂರು

ಉತ್ತರ: ನೀರು ಇಂಗಿಸಬೇಕೆಂಬ ಮನಸ್ಸು ನಮ್ಮ ಬಯಲುಸೀಮೆಗೆ ಬೇಕಾದದ್ದೇ, ಜಾಗ ಮಾತ್ರ ತಪ್ಪು. ಸಾವಿರ ಚದರ ಅಡಿ ತಾರಸಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,360 ಲೀಟರ್ ನೀರು. ಅಷ್ಟನ್ನೂ ಪಾಯಕ್ಕೆ ತಾಗಿಸಿ ಇಳಿಸಿದರೆ ಕೆಂಪು ಗರಸು ಭೂಮಿಯಲ್ಲಿ ತೇವ ಏರುತ್ತದೆ. ಎರೆ ಭೂಮಿಯಲ್ಲಿ ಅದಕ್ಕಿಂತ ಕೆಟ್ಟದ್ದು: ಮಣ್ಣು ಒಂದು ಮೂಲೆಯಲ್ಲಿ ಮಾತ್ರ ಉಬ್ಬಿ ಗೋಡೆ ಓರೆಯಾಗಿ ಬಿರಿಯುತ್ತದೆ. ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿರುಕು ಕಂಡರೆ ಮೊದಲು ತಾರಸಿ ಪೈಪ್ ಎಲ್ಲಿ ಬೀಳುತ್ತಿದೆ ನೋಡಬೇಕು.

ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳಿಗೆ ಇಳಿಜಾರಿನಲ್ಲೇ ಸಾಗುವಂತೆ ಮಾಡಿದ್ದನ್ನು ನೋಡಿ. ನೀರಿಗೆ ದಾರಿ ಒಂದು ಕಡೆ, ನಿಲ್ಲುವ ಜಾಗ ಇನ್ನೊಂದು ಕಡೆ. ಮನೆಗೂ ಅದೇ ಕ್ರಮ. ತಾರಸಿ ಪೈಪಿನ ಬುಡದಿಂದ 110 ಮಿ.ಮೀ. ಪಿ.ವಿ.ಸಿ. ಪೈಪನ್ನು ಪೇವರಿನ ಅಡಿಯಲ್ಲಿ, ನೂರಕ್ಕೆ ಒಂದರಷ್ಟು ಇಳಿಜಾರಿನಲ್ಲಿ ಒಯ್ದು, ಪಾಯದಿಂದ ಕನಿಷ್ಠ 10 ಅಡಿ ದೂರದ ಇಂಗುಗುಂಡಿಗೆ ಅಥವಾ ನೆಲದೊಳಗಿನ ನೀರಿನ ತೊಟ್ಟಿಗೆ (ಸಂಪು) ಬಿಡಿ. ಎರೆ ಭೂಮಿಯಾದರೆ ಇನ್ನೂ ದೂರ, ಇಲ್ಲವೇ ಸಂಪೇ ಒಳ್ಳೆಯದು. ಎರೆಮಣ್ಣು ಒಮ್ಮೆ ನೆನೆದರೆ ನೀರನ್ನು ಕೆಳಕ್ಕೆ ಬಿಡುವುದು ಬಹಳ ನಿಧಾನ. ಜಲ್ಲಿಯ ಚಂದವೇ ಬೇಕಿದ್ದರೆ ಗೋಡೆ ಪಕ್ಕ ಮೊದಲು ಮೂರು ಇಂಚು ಕಾಂಕ್ರೀಟ್ ಹೊರಕ್ಕೆ ಇಳಿಜಾರಾಗಿ ಹಾಕಿಸಿ, ಅದರ ಮೇಲೆ ಜಲ್ಲಿ ಹರಡಿ.

ಪ್ರಶ್ನೆ: ಸಂದಿನಲ್ಲಿ ಗರಿಕೆ, ಇರುವೆ ಗೂಡು, ಈಚೆಗೆ ಗೆದ್ದಲೂ ಕಾಣಿಸಿದೆ. ಉಪ್ಪು ಸುರಿದು ಮುಚ್ಚಿಬಿಡಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ.
– ಓದುಗರು, ಚಳ್ಳಕೆರೆ

ಉತ್ತರ: ಉಪ್ಪು ಹಾಕಲೇಬೇಡಿ. ಮಳೆ ನೀರಿನಲ್ಲಿ ಕರಗಿ ಗೋಡೆಗೆ ಏರಿ ಬಿಳಿ ಪುಡಿಯಾಗಿ ಉಬ್ಬುತ್ತದೆ, ಪ್ಲಾಸ್ಟರ್ ಉದುರುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಗರಿಕೆಯನ್ನು ಮಳೆ ಬಂದ ಮಾರನೇ ದಿನ ಬೇರು ಸಮೇತ ಕೀಳಿ. ಅರಳಿ, ಆಲದ ಸಸಿ ಕಂಡರೆ ಒಂದು ದಿನವೂ ಕಾಯಬೇಡಿ.

ಗೆದ್ದಲಿಗೆ ಮಾತ್ರ ಮುಚ್ಚುವ ಮೊದಲೇ ಮದ್ದು ಹಾಕಿಸಬೇಕು, ಮುಚ್ಚಿದ ಸಂದಿಗೆ ಮದ್ದು ಇಳಿಸುವುದು ಕಷ್ಟ. ಪರವಾನಗಿ ಇರುವ ಕೀಟನಾಶಕ ಸಂಸ್ಥೆಯವರಿಂದಲೇ ಮಾಡಿಸಿ, ಬಾವಿ ಅಥವಾ ಸಂಪು ಹತ್ತಿರವಿದ್ದರೆ ಅವರಿಗೆ ಮೊದಲೇ ಹೇಳಿ. ಗೋಡೆ ಬುಡದ ಆರು ಇಂಚಿಗೆ ಟೈಲ್ಸ್ ಆಗಲಿ ಕಲ್ಲಾಗಲಿ ಅಂಟಿಸದೆ ಬರಿದೇ ಬಿಡಿ. ಸೀಲೆಂಟ್ ಮೇಲಿಂದ ಗೆದ್ದಲಿನ ಮಣ್ಣಿನ ಗೆರೆ ಎದ್ದರೆ ಕಣ್ಣಿಗೆ ಬೀಳುವುದು ಅಲ್ಲೇ.

ಪ್ರಶ್ನೆ: ಯುಗಾದಿಗೆ ಸುಣ್ಣ-ಬಣ್ಣದ ಜೊತೆ ಈ ಸಂದಿನ ಕೆಲಸವನ್ನೂ ಮುಗಿಸಬೇಕೆಂದಿದ್ದೇವೆ. ಕಾಲ ಯಾವುದು ಒಳ್ಳೆಯದು?
– ಓದುಗರು, ದಾವಣಗೆರೆ ತಾಲ್ಲೂಕು

ಉತ್ತರ: ಯುಗಾದಿ ಹೊತ್ತಿಗೆ ಎರೆ ಭೂಮಿ ಕುಗ್ಗಿ ಸಂದು ಅಗಲವಾಗಿರುತ್ತದೆ. ಆಗ ತುಂಬಿದ ಸೀಲೆಂಟ್ ಮಳೆಗಾಲದಲ್ಲಿ ಹಿಂಡಿಕೊಂಡು ಮೇಲಕ್ಕೆ ಉಬ್ಬುತ್ತದೆ, ಕಾಲಿಗೆ ಸಿಕ್ಕಿ ಹರಿಯುತ್ತದೆ. ಅಕ್ಟೋಬರ್‌ನಲ್ಲಿ, ಸಂದು ಕಿರಿದಾಗಿದ್ದಾಗ ತುಂಬಿದರೆ ಬೇಸಿಗೆಯಲ್ಲಿ ಎಳೆತಕ್ಕೆ ಕಿತ್ತುಕೊಳ್ಳುತ್ತದೆ. ಎರಡರ ನಡುವಿನ ಅಗಲ ಸಿಗುವುದು ಡಿಸೆಂಬರ್ ಕೊನೆಯಿಂದ ಫೆಬ್ರುವರಿ ಮೊದಲ ವಾರದೊಳಗೆ. ಗೋಡೆಯೂ ಒಣಗಿರುತ್ತದೆ, ಬಿಸಿಲೂ ಹದವಾಗಿರುತ್ತದೆ. ಸುಡುವ ಗೋಡೆಗೆ ಪಿ.ಯು. ಹಾಕಿದರೆ ಒಳಗಿನ ತೇವ ಆವಿಯಾಗಿ ಗುಳ್ಳೆ ಏಳುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಮಾಡಲೇಬೇಕಾದರೆ ಗೋಡೆಗೆ ನೆರಳು ಬಿದ್ದ ಹೊತ್ತು ನೋಡಿಕೊಳ್ಳಿ. ಬಣ್ಣದವರು ಬರುವ ಮೊದಲು ಸೀಲೆಂಟ್ ಆಗಿ ಒಂದು ವಾರ ಕಳೆದಿರಬೇಕು.

ಭದ್ರಾ ನಾಲೆಯ ಗದ್ದೆಗಳಿಗೆ ತಾಗಿದ ಮನೆಗಳಿಗೆ ಈ ತಿಂಗಳ ಲೆಕ್ಕ ಹೊಂದುವುದಿಲ್ಲ. ಬೇಸಿಗೆ ಭತ್ತಕ್ಕೆ ನೀರು ನಿಂತಿದ್ದರೆ ಮಾರ್ಚ್‌ನಲ್ಲೂ ನೆಲ ನೆನೆದೇ ಇರುತ್ತದೆ, ನಾಲೆ ನಿಂತ ಮೇಲೆ ಕುಗ್ಗುತ್ತದೆ. ಅಂಥವರು ಕ್ಯಾಲೆಂಡರ್ ಬಿಟ್ಟು ಗೋಡೆಯನ್ನೇ ಅಳೆಯಬೇಕು. ಮೂರು ಕಡೆ ಪೆನ್ಸಿಲ್ ಗುರುತು ಹಾಕಿ, ಪ್ರತಿ ತಿಂಗಳ ಮೊದಲ ದಿನ ಸಂದಿನ ಅಗಲವನ್ನು ಸ್ಕೇಲಿನಿಂದ ಅಳೆದು ಗೋಡೆಯ ಮೇಲೇ ಬರೆದಿಡಿ. ವರ್ಷದ ಅತಿ ಹೆಚ್ಚು, ಅತಿ ಕಡಿಮೆ ಎರಡೂ ಸಿಗುತ್ತವೆ. ನಡುವಿನ ಅಗಲ ಬಂದ ತಿಂಗಳು ನಿಮ್ಮ ಕೆಲಸದ ತಿಂಗಳು.

ಆ ನಡುವಿನ ಅಗಲ 20 ಮಿ.ಮೀ. ಇದ್ದು, ಅಲ್ಲಿಂದ ಆಚೀಚೆ 5 ಮಿ.ಮೀ.ಗಿಂತ ಹೆಚ್ಚು ಅಲ್ಲಾಡುತ್ತಿದ್ದರೆ ಶೇ 25ರ ಸೀಲೆಂಟ್‌ಗೂ ಅದು ಮೀರಿದ ಮಾತು. ಅಲ್ಲಿ ಸಂದನ್ನು ಮರಳಿನಿಂದ ತುಂಬಿ, ಮೇಲೆ 50 ಮಿ.ಮೀ. ಅಲ್ಯುಮಿನಿಯಂ ಎಲ್-ಆಂಗಲ್ ಇಡಿಸಿ. ಅದರ ನಿಂತ ಮುಖವನ್ನು ಒಂದೂವರೆ ಅಡಿಗೊಂದು ಸ್ಕ್ರೂನಿಂದ ಗೋಡೆಗೆ ಬಿಗಿದು, ಮೇಲಂಚಿಗೆ ಸಣ್ಣ ಎಳೆ ಸೀಲೆಂಟ್ ಎಳೆಯಬೇಕು. ಮಲಗಿದ ಮುಖ ಪೇವರಿನ ಮೇಲೆ ಸುಮ್ಮನೆ ಕೂತಿರಲಿ, ಅದಕ್ಕೆ ಸ್ಕ್ರೂ ಬೇಡ, ಅಂಟೂ ಬೇಡ. ಪೇವರ್ ಉಬ್ಬಿ ಮೇಲಕ್ಕೆ ಒತ್ತಿದಾಗ ಆಂಗಲ್ ಏರಲು ಜಾಗವಿರುವಂತೆ ಸ್ಕ್ರೂ ತೂತುಗಳನ್ನು ದುಂಡಗೆ ಕೊರೆಯುವ ಬದಲು ಮೇಲೆ-ಕೆಳಗೆ ಅರ್ಧ ಇಂಚು ಉದ್ದವಾಗಿ ಕೊರೆಸಿ, ವಾಷರ್ ಹಾಕಿ, ತೀರಾ ಬಿಗಿಯದೆ ಬಿಡಿ.